ಸೂಜಿ ಹಿಡಿಯುವ ಮೊದಲು ಗೊಂಬೆಯ ಮೈ ತಿಳಿಯಿರಿ

ಗೊಂಬೆ ಸಂಗ್ರಾಹಕರ ವಾರಾಂತ್ಯದ ಕೂಟಗಳಲ್ಲಿ ಪ್ರದರ್ಶನದ ಮೇಜುಗಳಿಗಿಂತ ಹೆಚ್ಚು ಜನ ಕಾಯುವುದು ಕೈಕೆಲಸದ ಕಾರ್ಯಾಗಾರಗಳಿಗೆ. ಅಂಥ ಕಾರ್ಯಾಗಾರಗಳ ಪಟ್ಟಿ ತೆಗೆದು ನೋಡಿದರೆ ಉಡುಪು ಹೊಲಿಯುವುದು, ವಿಗ್ ಮಾಡುವುದು, ಮುಖ ಬರೆಯುವುದು, ಗೊಂಬೆಯ ತಲೆ, ಕೈಕಾಲುಗಳನ್ನು ಒಳಗಿನಿಂದ ಹಿಡಿದಿಡುವ ಎಲಾಸ್ಟಿಕ್ ಬದಲಿಸುವುದು ಎಲ್ಲವೂ ಇರುತ್ತವೆ. ಕೈಯಲ್ಲಿರುವ ಗೊಂಬೆ ಯಾವುದರಿಂದ ಮಾಡಿದ್ದು ಎಂದು ಗುರುತಿಸುವ ಪಾಠ ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಶನಿವಾರ ಬೆಳಗಿನ ಮೊದಲ ಗಂಟೆಯನ್ನು ಅದಕ್ಕೇ ಮೀಸಲಿಡಿ ಎಂದು ಆಯೋಜಕರಲ್ಲಿ ಕೇಳಿಕೊಳ್ಳುವುದಕ್ಕಾಗಿಯೇ ಈ ಸಂಪಾದಕೀಯ. ಎಷ್ಟು ಶಾಖ, ಯಾವ ದ್ರಾವಣ, ಯಾವ ಬಟ್ಟೆ, ಎಷ್ಟು ಬಿಗಿ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಗೊಂಬೆಯ ಮೈಯೇ.

ಆ ಒಂದು ಗಂಟೆಗೆ ಬೇಕಾಗುವುದು ಒಡೆದ ಗೊಂಬೆಗಳ ಬಿಡಿಭಾಗ ತುಂಬಿದ ಒಂದು ಡಬ್ಬಿ. ಒಂದು ಕೈ, ಒಂದು ಕಾಲು, ಅರ್ಧ ತಲೆ, ಇಷ್ಟು ಸಾಕು. ಎಲ್ಲರೂ ಮುಟ್ಟಿ ನೋಡಬೇಕು. ಬಿಸ್ಕ್ ಎಂದರೆ ಹೊಳಪಿನ ಲೇಪ ಹಾಕದೆ ಸುಟ್ಟ ಪಿಂಗಾಣಿ. ಕೈಗೆ ತಣ್ಣಗಿರುತ್ತದೆ, ಉಗುರಿನಿಂದ ತಟ್ಟಿದರೆ ಬಟ್ಟಲಿನ ಸದ್ದು. ಮರದ ಪುಡಿ ಮತ್ತು ಅಂಟು ಕಲಸಿ ಅಚ್ಚೊತ್ತಿದ್ದು ಕಾಂಪೊಸಿಷನ್. ಬಣ್ಣ ಎದ್ದ ಕಡೆ ಒಳಗಿನ ಕಂದು ಪದರ ಕಾಣುತ್ತದೆ, ಮುಖದ ಮೇಲೆ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಸೆಲ್ಯುಲಾಯ್ಡ್ ಪಿಂಗ್‌ಪಾಂಗ್ ಚೆಂಡಿನ ಹಾಗೆ ಹಗುರ. ಬೆರಳಿನಿಂದ ಉಜ್ಜಿ ಬಿಸಿ ಮಾಡಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ಗಟ್ಟಿ ಪ್ಲಾಸ್ಟಿಕ್ ಒತ್ತಿದರೆ ಬಗ್ಗುವುದಿಲ್ಲ, ವಿನೈಲ್ ಬಗ್ಗುತ್ತದೆ. ಕೂದಲನ್ನು ನೇರವಾಗಿ ತಲೆಗೇ ನೆಟ್ಟಿದ್ದರೆ ಆ ತಲೆ ಹೆಚ್ಚುಕಡಿಮೆ ವಿನೈಲೇ. 1999ರಲ್ಲಿ ಜಪಾನಿನ ವೋಕ್ಸ್ ಕಂಪನಿ ಸೂಪರ್ ಡಾಲ್ಫಿಯನ್ನು ತಂದ ಮೇಲೆ ಹರಡಿದ ಚೆಂಡುಕೀಲಿನ ಗೊಂಬೆಗಳು ಪಾಲಿಯುರೆಥೇನ್ ರೆಸಿನ್‌ನವು. ಅವು ಭಾರ, ಮತ್ತು ಬಿಸಿಲು ತಾಕಿದರೆ ಹಳದಿಗೆ ತಿರುಗುತ್ತವೆ.

ಇಷ್ಟು ಗೊತ್ತಾದರೆ ಅರ್ಧ ಅನಾಹುತ ತಪ್ಪಿದಂತೆ. ಕಾಂಪೊಸಿಷನ್ ಗೊಂಬೆಗೆ ನೀರು ತಾಕಿಸಬಾರದು. ಒಳಗಿನ ಮರದ ಪುಡಿ ನೀರು ಕುಡಿದು ಉಬ್ಬುತ್ತದೆ, ಮೇಲಿನ ಬಣ್ಣ ಅದರ ಜೊತೆ ಹಿಗ್ಗದೆ ಸಿಪ್ಪೆಯಾಗಿ ಏಳುತ್ತದೆ. ಮುಖದ ಮೇಲಿನ ಬಿರುಕುಗಳಿಗೂ ಕಾರಣ ಇದೇ: ಹವೆಯ ತೇವ ಏರಿಳಿದಂತೆ ಒಳಗಿನದು ಒಂದು ಅಳತೆಯಲ್ಲಿ, ಹೊರಗಿನದು ಇನ್ನೊಂದು ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ. ಸೆಲ್ಯುಲಾಯ್ಡ್ ಎಂದರೆ ಸೆಲ್ಯುಲೋಸ್ ನೈಟ್ರೇಟ್. ಬೆಂಕಿ ತಾಕಿದರೆ ಭಗ್ಗನೆ ಉರಿದುಹೋಗುತ್ತದೆ. ಇಸ್ತ್ರಿಪೆಟ್ಟಿಗೆ, ಬಿಸಿ ಅಂಟಿನ ಗನ್, ಹೇರ್ ಡ್ರೈಯರ್ ಇರುವ ಮೇಜಿನ ಹತ್ತಿರ ಅದನ್ನು ತರಲೇಕೂಡದು. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಸೆಲ್ಯುಲಾಯ್ಡನ್ನೂ ಕರಗಿಸುತ್ತದೆ, ಗಟ್ಟಿ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ವಿನೈಲ್ ತಲೆಯ ಬಣ್ಣ ಒರೆಸಲು ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯ ತುಂಡು ಜಾರಿ ಗಟ್ಟಿ ಪ್ಲಾಸ್ಟಿಕ್ ಮೈಮೇಲೆ ಬಿದ್ದರೆ ಅಷ್ಟು ಜಾಗ ಮಂಕಾಯಿತು ಎಂದೇ ಲೆಕ್ಕ. ತಲೆಯನ್ನು ಮೈಯಿಂದ ಬಿಚ್ಚಿಟ್ಟೇ ಆ ಕೆಲಸ ಮಾಡಬೇಕು.

ಇನ್ನು ಎಲಾಸ್ಟಿಕ್ ಬದಲಿಸುವ ಕಾರ್ಯಾಗಾರ. ಕೂಟಗಳಲ್ಲಿ ಅತಿ ಹೆಚ್ಚು ಬೇಡಿಕೆ ಇರುವುದು ಇದಕ್ಕೆ, ಅತಿ ಹೆಚ್ಚು ಗೊಂಬೆ ಒಡೆಯುವುದೂ ಇಲ್ಲೇ. ಹಳೆಯ ಎಲಾಸ್ಟಿಕ್‌ನೊಳಗಿನ ರಬ್ಬರ್ ಒಣಗಿ ಪುಡಿಯಾಗಿ, ತಲೆ ವಾಲಿ, ಕಾಲು ಜೋತಾಡುತ್ತಿರುತ್ತವೆ. ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಬಿಚ್ಚಿದ ಒಂದೊಂದು ಭಾಗಕ್ಕೂ ‘ಎಡ ಮುಂಗೈ’, ‘ಬಲ ತೊಡೆ’ ಎಂದು ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿ. ಅಂಟುಪಟ್ಟಿ ಬೇಡ, ಕಾಂಪೊಸಿಷನ್ ಮೈಯಿಂದ ಅದನ್ನು ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ. ಎಡ ಬಲ ಅದಲುಬದಲಾದದ್ದು ಗೊತ್ತಾಗುವುದು ಎಲ್ಲ ಬಿಗಿದು ಮುಗಿದ ಮೇಲೆ, ಬೆರಳುಗಳು ಹೊರಕ್ಕೆ ತಿರುಗಿ ನಿಂತಾಗ.

ಎಲಾಸ್ಟಿಕ್ ಎಂದರೆ ಬಟ್ಟೆಗೆ ಹಾಕುವ ಚಪ್ಪಟೆ ಪಟ್ಟಿಯಲ್ಲ, ಮೇಲೆ ನೂಲು ಹೆಣೆದ ದುಂಡನೆಯ ಹಗ್ಗ. 25–30 ಸೆಂ.ಮೀ. ಎತ್ತರದ ಗೊಂಬೆಗೆ 2 ಮಿ.ಮೀ., 40–45 ಸೆಂ.ಮೀ. ಗೊಂಬೆಗೆ 3 ಮಿ.ಮೀ., 60 ಸೆಂ.ಮೀ. ಗೊಂಬೆಗೆ 4 ಮಿ.ಮೀ. ದಪ್ಪದ್ದನ್ನು ಹಿಡಿದು ಶುರುಮಾಡಬಹುದು. ಎರಡು ಸುತ್ತು ಬೇಕು. ಒಂದು, ಎದೆಯೊಳಗಿಂದ ಹಾದು ಎರಡು ಕೈಗಳನ್ನು ಹಿಡಿಯುವುದು. ಇನ್ನೊಂದು, ಎರಡೂ ಕಾಲಿನಿಂದ ಹೊರಟು ಹೊಟ್ಟೆಯೊಳಗೆ ಮೇಲೇರಿ ತಲೆಯೊಳಗಿನ ಕೊಕ್ಕೆಗೆ ಸಿಕ್ಕುವುದು. ಭಾಗಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೊಕ್ಕೆಯಿಂದ ಕೊಕ್ಕೆಗೆ ಅಳೆಯಿರಿ. ಎಳೆಯದೆ ಬಿಟ್ಟ ಸುತ್ತಿನ ಉದ್ದ ಆ ಅಳತೆಯ ಸುಮಾರು ಮುಕ್ಕಾಲು ಪಾಲು ಇರಲಿ. ಮೊದಲಿಗೇ ಗಟ್ಟಿ ಗಂಟು ಹಾಕಬೇಡಿ. ಬಿಚ್ಚಲು ಬರುವ ಗಂಟು ಹಾಕಿ, ಜೋಡಿಸಿ, ಬಿಗಿ ನೋಡಿ, ಆಮೇಲೆ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ಒಂದೇ ಗಂಟಾಗಿ ಕಟ್ಟಿ 2 ಸೆಂ.ಮೀ. ಬಾಲ ಬಿಡಿ. ಹೊಸ ಎಲಾಸ್ಟಿಕ್ ಕೆಲವು ದಿನಗಳಲ್ಲಿ ಸ್ವಲ್ಪ ಸಡಿಲಾಗುತ್ತದೆ. ಮತ್ತೆ ಬಿಗಿಯಲು ಆ ಬಾಲ ಬೇಕೇಬೇಕು. ಗಂಟು ಕೀಲಿನ ಹಾದಿಯಲ್ಲಿ ಸಿಕ್ಕಿಬೀಳದಂತೆ ಹೊಟ್ಟೆಯ ಟೊಳ್ಳಿನಲ್ಲಿ ಉಳಿಯಲಿ.

ತಲೆ ಕೊನೆಗೆ. ಕಾಲುಗಳನ್ನು ಜೋಡಿಸಿ, ಸುತ್ತಿನ ತುದಿಯನ್ನು ಕುತ್ತಿಗೆಯ ತೂತಿನಿಂದ ಮೇಲೆಳೆದು ಅದರೊಳಗೆ ಅಡ್ಡಲಾಗಿ ಒಂದು ಪೆನ್ಸಿಲ್ ತೂರಿಸಿ. ಹಗ್ಗ ಒಳಕ್ಕೆ ಜಾರುವುದಿಲ್ಲ, ನಿಮ್ಮ ಎರಡೂ ಕೈ ಬಿಡುವಾಗುತ್ತವೆ. ಮಡಚಿದ ದಪ್ಪ ಟವೆಲ್ ಮೇಲೆ ತಲೆಯನ್ನು ಮುಖ ಕೆಳಗಾಗಿ ಇಡಿ. ಬಿಸ್ಕ್ ತಲೆಯಾದರೆ ಕುತ್ತಿಗೆಗೂ ಮೈಯ ಗುಳಿಗೂ ನಡುವೆ ತೆಳು ಚರ್ಮದ ಅಥವಾ ಫೆಲ್ಟ್‌ನ ಬಿಲ್ಲೆ ಇರಲೇಬೇಕು. ಲಾಕ್ ಆಗುವ ಇಕ್ಕಳದಿಂದ ಹಗ್ಗ ಹಿಡಿದು ಎಳೆದು, ಇನ್ನೊಬ್ಬರು ಕೊಕ್ಕೆಯನ್ನು ಸಿಕ್ಕಿಸಲಿ. ಈ ಒಂದು ಗಳಿಗೆಗೆ ನಾಲ್ಕು ಕೈ ಬೇಕು. ಕೊಕ್ಕೆ ಸಿಕ್ಕಿದ ಕೂಡಲೇ ಕೈ ಬಿಟ್ಟರೆ ಎಲಾಸ್ಟಿಕ್ ತಲೆಯನ್ನು ಮೈಗೆ ಹೊಡೆಯುತ್ತದೆ. ಕುತ್ತಿಗೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿದರೂ ನೂರು ವರ್ಷ ಉಳಿದು ಬಂದ ತಲೆ ಹಾಳು. ಅಂಗೈಯನ್ನು ನಡುವೆ ಇಟ್ಟುಕೊಂಡು, ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಕೂರಿಸಬೇಕು. ಈ ಮೇಜಿನಲ್ಲಿ ಕೂತ ಎಲ್ಲರಿಗೂ ಕಣ್ಣಿನ ರಕ್ಷಣೆಯ ಕನ್ನಡಕ ಕೊಡಿ. ಜಾರಿದ ಇಕ್ಕಳ ಎತ್ತ ಹಾರುತ್ತದೆಂದು ಹೇಳಲಾಗದು.

ಬಿಗಿ ಸರಿಯಿದೆಯೇ ಎಂದು ನೋಡುವುದು ಹೀಗೆ. ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ಕೂರಿಸಿದಾಗ ಕಾಲು ಝಾಡಿಸಿ ನೇರವಾದರೆ ಬಿಗಿ ಹೆಚ್ಚು. ನಿಲ್ಲಿಸಿದಾಗ ಮಂಡಿ ಕುಸಿದರೆ ಕಡಿಮೆ. ಹಳೆಯ ಗೊಂಬೆಗಳಿಗೆ ಬಿಗಿ ಒಂದಿಷ್ಟು ಕಡಿಮೆಯೇ ಇರಲಿ. ಅತಿಬಿಗಿಯಾದರೆ ಕಾಂಪೊಸಿಷನ್ ಮೈಯ ಕೀಲಿನ ಅಂಚುಗಳು ಸೀಳುತ್ತವೆ. ಮೊದಲ ಬಾರಿ ಕಲಿಯುವವರು ತಮ್ಮ ಅತ್ಯಮೂಲ್ಯ ಗೊಂಬೆಯನ್ನು ತರುವುದು ಬೇಡ ಎಂದು ಆಹ್ವಾನದಲ್ಲೇ ಬರೆದುಬಿಡಿ. ಅಭ್ಯಾಸಕ್ಕೆ ರೆಸಿನ್ ಅಥವಾ ಪ್ಲಾಸ್ಟಿಕ್‌ನ ಕೀಲುಗೊಂಬೆ ಸಾಕು.

ಉಡುಪಿನ ಕಾರ್ಯಾಗಾರಕ್ಕೆ ಬರುವವರಲ್ಲಿ ಹಲವರು ಒಳ್ಳೆಯ ಹೊಲಿಗೆ ಬಲ್ಲವರೇ. ಎಡವುವುದು ಅಳತೆಯಲ್ಲಿ. 1959ರಲ್ಲಿ ಬಂದ ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಸುಮಾರು 29 ಸೆಂ.ಮೀ.; ಮನುಷ್ಯರ ಆರನೇ ಒಂದು ಪಾಲು. ಆದರೆ ಬಟ್ಟೆಯ ದಪ್ಪ ಆರನೇ ಒಂದು ಪಾಲಾಗುವುದಿಲ್ಲವಲ್ಲ! ನಮ್ಮ ಲಂಗಕ್ಕೆ ಸುತ್ತಳತೆಯ ಮೂರರಷ್ಟು ನೆರಿಗೆ ಕೊಡುವ ರೂಢಿಯನ್ನು ಇಲ್ಲಿ ತಂದರೆ ಸೊಂಟ ಪೀಪಾಯಿಯಾಗುತ್ತದೆ. ಒಂದೂವರೆಯಿಂದ ಎರಡರಷ್ಟು ಸಾಕು. ಲಾನ್, ವಾಯಿಲ್, ಬ್ಯಾಟಿಸ್ಟ್‌ನಂಥ ತೆಳು ಹತ್ತಿ ಬಟ್ಟೆ ಆರಿಸಿ. ಯಂತ್ರಕ್ಕೆ 60 ಅಥವಾ 70ರ ಸೂಜಿ, ಹೊಲಿಗೆಯ ಉದ್ದ ಒಂದೂವರೆ ಮಿ.ಮೀ. ತುಂಡು ಕತ್ತರಿಸಿ ಆಮೇಲೆ ಹೊಲಿಯುವ ಕ್ರಮ ಇಲ್ಲಿ ಕೈಕೊಡುತ್ತದೆ: ಹೆಬ್ಬೆರಳಿನಷ್ಟು ತೋಳಿನ ತುಂಡು ಯಂತ್ರದ ಹಲ್ಲಿಗೆ ಸಿಕ್ಕಿ ಒಳಗೆ ಹೋಗುತ್ತದೆ, ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಮೇಲೆ ಹೊಲಿಗೆಯ ಗೆರೆ ಬರೆದು, ದೊಡ್ಡ ತುಂಡಾಗಿರುವಾಗಲೇ ಹೊಲಿದು, ಅಂಚಿಗೆ ಎಳೆ ಬಿಡದಂತೆ ತಡೆಯುವ ದ್ರವ ಹಚ್ಚಿ, ಒಣಗಿದ ಮೇಲೆ 3 ಮಿ.ಮೀ. ಬಿಟ್ಟು ಕತ್ತರಿಸಿ. ಪಕ್ಕದ ಹೊಲಿಗೆ ಹಾಕುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗಲೇ, ತೋಳನ್ನು ಕೂಡಿಸಿಬಿಡಿ. ಹಿಂದೆ ಹಾಕಲು 5 ಮಿ.ಮೀ. ಟಿಚ್ ಬಟನ್ ಒಳ್ಳೆಯದು. ವೆಲ್ಕ್ರೋ ಸುಲಭ ಅನ್ನಿಸಿದರೂ ಗೊಂಬೆಯ ಕೂದಲನ್ನು ಎಳೆದು ಸಿಕ್ಕುಗಟ್ಟಿಸುತ್ತದೆ.

ಇಲ್ಲೂ ಗೊಂಬೆಯ ಮೈ ಮರೆಯಬಾರದು. ವಿನೈಲನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ಕಾಲಕ್ರಮೇಣ ಮೈಮೇಲೆ ಜಿನುಗುತ್ತದೆ. ಹಳೆಯ ಗೊಂಬೆಗಳ ಕಾಲು ಅಂಟಂಟಾಗುವುದು ಅದರಿಂದಲೇ. ಗಾಢ ಕೆಂಪು, ಕಡು ನೀಲಿ, ಕಪ್ಪು ಬಟ್ಟೆಯ ಬಣ್ಣ ಆ ಮೈಗೆ ಇಳಿದರೆ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಕಲಿಯುವವರಿಗೆ ಕೊಡುವ ಸಾಮಗ್ರಿಯ ಕಿಟ್‌ಗೆ ಹಾಕುವ ಬಟ್ಟೆಯನ್ನು ಮೊದಲೇ ಒಗೆಯಿರಿ. ಒದ್ದೆಯಿರುವಾಗ ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಳಿಯ ಮೇಲೆ ಒಂದಿಷ್ಟು ನೆರಳು ಕಂಡರೂ ಆ ಬಟ್ಟೆ ಬೇಡ. ಈ ಪರೀಕ್ಷೆಯಲ್ಲಿ ಗೆದ್ದ ಗಾಢ ಬಣ್ಣಕ್ಕೂ ಬಿಳಿ ಲೈನಿಂಗ್ ಕೊಟ್ಟೇ ಹೊಲಿಸಿ, ಏಕೆಂದರೆ ಒಣಗಿದ ಬಟ್ಟೆಯಿಂದಲೂ ವರ್ಷಗಳಲ್ಲಿ ಬಣ್ಣ ಇಳಿಯುತ್ತದೆ. ಲೋಹದ ಓಲೆಯದೂ ಇದೇ ಕಥೆ. ಹಳೆಯ ಬಾರ್ಬಿಗಳ ಕಿವಿಯ ಸುತ್ತ ಹಸಿರು ಕಲೆ ಬರುವುದು ಓಲೆಯ ತಾಮ್ರದಿಂದ.

ಬಣ್ಣ ಇಳಿದಾಗಿದ್ದರೆ ಮೊಡವೆಗೆ ಹಚ್ಚುವ 10% ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮಿನಿಂದ ಕೆಲವು ಕಲೆಗಳು ಹೋಗುತ್ತವೆ. ಕಲೆಯ ಮೇಲಷ್ಟೇ ಹಚ್ಚಿ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗಿಟ್ಟು, ಕೆಲವು ಗಂಟೆಗಳಿಗೊಮ್ಮೆ ತೆಗೆದು ನೋಡಬೇಕು. ಅದು ಮಾಡುವುದು ತೊಳೆಯುವ ಕೆಲಸವಲ್ಲ, ಬಿಳಿಚಿಸುವ ಕೆಲಸ. ಹೆಚ್ಚು ಹೊತ್ತು ಬಿಟ್ಟರೆ ಮೈಬಣ್ಣವೇ ಬಿಳಿಚಿಕೊಳ್ಳುತ್ತದೆ. ಮುಖದ ಬಣ್ಣದ ಹತ್ತಿರವಂತೂ ಸುಳಿಯಬಾರದು. ದಿನಗಟ್ಟಲೆ ಹಿಡಿಯುವ ಈ ಕೆಲಸವನ್ನು ಕೂಟದಲ್ಲಿ ಬಾಯಲ್ಲಿ ಹೇಳಿಕೊಡಬಹುದು, ಮಾಡಿಸಲಾಗುವುದಿಲ್ಲ.

ವಿಗ್ ಕಾರ್ಯಾಗಾರವನ್ನು ಕೆಡಿಸುವುದು ಅಂಟು ಒಣಗುವ ಹೊತ್ತು. ತಲೆಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೆ ಹಿಗ್ಗುವ ತೆಳು ಬಟ್ಟೆ ಎಳೆದು ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ, ಬಿಳಿ ಪಿವಿಎ ಅಂಟನ್ನು ಎರಡು ಮೂರು ಪದರ ಬಳಿದರೆ ಟೋಪಿಯಾಗುತ್ತದೆ. ಅದು ಪೂರ್ತಿ ಒಣಗಲು ಒಂದು ರಾತ್ರಿ ಬೇಕು. ಎರಡು ಗಂಟೆಯ ಕಾರ್ಯಾಗಾರದಲ್ಲಿ ಇದನ್ನು ಮೊದಲಿನಿಂದ ಮಾಡಿಸಹೊರಟರೆ ಎಲ್ಲರೂ ಒದ್ದೆ ಟೋಪಿ ಹಿಡಿದು ಮನೆಗೆ ಹೋಗುತ್ತಾರೆ. ತಲೆಯ ಸುತ್ತಳತೆಯನ್ನು ಮೊದಲೇ ಕೇಳಿ ತಿಳಿದುಕೊಂಡು, ಒಣಗಿದ ಟೋಪಿಯನ್ನು ಕಿಟ್‌ನಲ್ಲೇ ಕೊಡಿ. ಆಗ ಅವರು ಮೊಹೇರ್ (ಅಂಗೋರಾ ಮೇಕೆಯ ಕೂದಲು) ಎಳೆಗಳನ್ನು ಕತ್ತಿನ ಹಿಂಭಾಗದಿಂದ ಶುರುಮಾಡಿ, ಸಾಲಿನ ಮೇಲೆ ಸಾಲಾಗಿ ನೆತ್ತಿಯವರೆಗೆ ಅಂಟಿಸಿ ಮುಗಿಸಬಹುದು. ಮೇಲಿನಿಂದ ಶುರುಮಾಡಿದರೆ ಪ್ರತಿ ಸಾಲಿನ ಅಂಟೂ ಹೊರಗೆ ಕಾಣುತ್ತದೆ.

ಮುಖ ಬರೆಯುವುದನ್ನು ಸಭಾಂಗಣದೊಳಗೆ ಇಟ್ಟುಕೊಳ್ಳದಿರುವುದೇ ಲೇಸು. ಬಣ್ಣ ಹಿಡಿಯಲು ಹೊಡೆಯುವ ಮ್ಯಾಟ್ ಸ್ಪ್ರೇಯ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಮಳೆಗಾಳಿಯ ದಿನ ಹೊಡೆದರೆ ಪದರ ಬೆಳ್ಳಗೆ ಮಂಜು ಕಟ್ಟುತ್ತದೆ. ಮಾಡಲೇಬೇಕೆಂದಿದ್ದರೆ ಮೊದಲೇ ಹೊರಗೆ ಸ್ಪ್ರೇ ಮಾಡಿ ಒಣಗಿಸಿದ ತಲೆಗಳನ್ನು ಹಂಚಿ, ಪುಡಿ ಪೇಸ್ಟಲ್ ಮತ್ತು ಜಲವರ್ಣ ಪೆನ್ಸಿಲ್ ಕೆಲಸವನ್ನಷ್ಟೇ ಕಲಿಸಿ. ಪೇಸ್ಟಲ್ ಅನ್ನು ಕೆನ್ನೆಯ ಮೇಲೆ ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ, ಸಾಲದಿದ್ದರೆ ಇನ್ನೊಂದು ಸಲ.

ಆಯೋಜಕರಿಗೆ ಇನ್ನು ನಾಲ್ಕು ಮಾತು. ಕಲಿಸುವವರು 40 ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಕಲಿಯುವವರಿಗೆ ಎರಡು ಗಂಟೆ ಇಡಿ. ಒಬ್ಬ ಶಿಕ್ಷಕರಿಗೆ ಎಂಟು ಜನ, ಜೊತೆಗೆ ಒಬ್ಬ ಸಹಾಯಕರು. ಎಲಾಸ್ಟಿಕ್ ಮೇಜಿಗೆ ಆರೇ ಜನ ಸಾಕು. ಹತ್ತು ಕಿಟ್‌ಗೆ ಒಂದು ಹೆಚ್ಚುವರಿ ಇರಲಿ, ಮತ್ತು ಪ್ರತಿ ಕಿಟ್‌ನಲ್ಲೂ ಸುಲಭವಾಗಿ ಕಳೆದುಹೋಗುವ ವಸ್ತುಗಳು, ಅಂದರೆ ಬಟನ್, ಕೊಕ್ಕೆ, ಸೂಜಿ, ಒಂದೊಂದು ಹೆಚ್ಚಿಗೆ. ಎರಡು ಇಸ್ತ್ರಿಪೆಟ್ಟಿಗೆಯನ್ನು ಒಂದೇ ಲೈನಿಗೆ ಹಾಕಿದರೆ ಫ್ಯೂಸ್ ಹೋಗಿ ಹೊಲಿಗೆ ಯಂತ್ರಗಳೂ ನಿಲ್ಲುತ್ತವೆ. ಹಿಂದಿನ ದಿನವೇ ಪ್ಲಗ್ ಹಾಕಿ ನೋಡಿ. ಸೂಜಿಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸು ತೆಗೆದುಕೊಳ್ಳಿ. ಎಣಿಕೆ ತಪ್ಪಿದರೆ ಮೊದಲು ಹುಡುಕಬೇಕಾದದ್ದು ಗೊಂಬೆಯ ಲಂಗದೊಳಗೆ, ಏಕೆಂದರೆ ಮಗುವೊಂದು ಎತ್ತಿಕೊಳ್ಳುವುದು ಅದನ್ನೇ.

ದುರಸ್ತಿಯಾದ ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಹೋಗಲಿ: ಯಾವ ದಿನ, ಎಷ್ಟು ಮಿ.ಮೀ. ಎಲಾಸ್ಟಿಕ್, ಯಾವ ಅಂಟು, ಬದಲಿಸಿದ ಭಾಗ ಯಾವುದು. ತೆಗೆದ ಹಳೆಯ ಎಲಾಸ್ಟಿಕ್, ಹಳೆಯ ವಿಗ್, ಕಿತ್ತುಬಂದ ಬಣ್ಣದ ಚಕ್ಕೆ ಇವನ್ನೂ ಒಂದು ಚಿಕ್ಕ ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯಲ್ಲಿಡಿ. ಗೊಂಬೆ ಸೆಲ್ಯುಲಾಯ್ಡ್‌ನದಾಗಿದ್ದರೆ ಆ ಪೆಟ್ಟಿಗೆಗೆ ಗಾಳಿಯಾಡಲು ತೂತುಗಳಿರಲಿ, ಬೇರೆ ಗೊಂಬೆಗಳನ್ನು ಅದರ ಪಕ್ಕ ಇಡಬೇಡಿ. ಅದು ಹಳತಾದಂತೆ ಬಿಡುವ ಆಮ್ಲದ ಆವಿ ಹತ್ತಿರದ ಲೋಹವನ್ನು ತುಕ್ಕು ಹಿಡಿಸುತ್ತದೆ, ಬಟ್ಟೆಯನ್ನು ಜೀರ್ಣಗೊಳಿಸುತ್ತದೆ.