ಬೋಲ್ಟ್ ಬಿಚ್ಚಿ ನೋಡಿ ಎಂದ ಹಿರಿಯರಿಗೆ

ಗುಂಡು ಹಾರಿಸುವ ರೇಂಜ್‌ನಲ್ಲಿ ಆವತ್ತು ಪಕ್ಕದಲ್ಲೇ ನಿಂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಳೇ ಮೊಸಿನ್-ನಗಾಂಟ್ 91/30 ರೈಫಲ್ ಐದು ತೋಟಾಗಳಲ್ಲಿ ಎರಡನ್ನು ಹಾರಿಸುತ್ತಲೇ ಇರಲಿಲ್ಲ. ಟ್ರಿಗರ್ ಒತ್ತಿದರೆ ಬರೀ ಟಕ್. ತೋಟಾದ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಮೇಲೆ ಸಣ್ಣ ಗುಳಿ, ಅಷ್ಟೇ. ತೋಟಾ ಒಳಗೆ ತಳ್ಳುವ, ಹೊರಗೆಳೆಯುವ ಬೋಲ್ಟನ್ನು ನಾನು ತಕ್ಷಣ ಎಳೆಯಲು ಹೋದೆ. ನೀವು ತಡೆದಿರಿ. "ನಳಿಗೆ ಗುರಿಯ ಕಡೆಗೇ ಇರಲಿ. ಅರ್ಧ ನಿಮಿಷ ಕಾಯಿರಿ" ಎಂದಿರಿ. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ ಅಲ್ವಾ? ಮೊದಲ ಧನ್ಯವಾದ ಆ ಒಂದು ಮಾತಿಗೆ.

ತಪ್ಪು ತೋಟಾಗಳದ್ದೇ ಎಂದುಕೊಂಡಿದ್ದೆ. ಫೈರಿಂಗ್ ಪಿನ್ ತಳ್ಳುವ ಸ್ಪ್ರಿಂಗ್ ಹೊಸದು ತರಿಸಲೂ ಹೊರಟಿದ್ದೆ. "ಸುಮ್ನೆ ಖರ್ಚು ಮಾಡಬೇಡಿ, ಮೊದಲು ಬೋಲ್ಟ್ ಬಿಚ್ಚಿ ನೋಡಿ" ಎಂದಿರಿ. ಬಿಚ್ಚಿದರೆ ಒಳಗೆಲ್ಲಾ ಕಾಸ್ಮೊಲಿನ್! ತುಕ್ಕು ಹಿಡಿಯದಿರಲೆಂದು ಗೋದಾಮಿಗೆ ಹಾಕುವ ಮುಂಚೆ ಬಳಿದ ಗ್ರೀಸ್, ಒಣಗಿ ಮೇಣದಂತೆ ಅಂಟಿಕೊಂಡಿತ್ತು. ಸ್ಪ್ರಿಂಗಿನ ಬಲವೆಲ್ಲ ಅದನ್ನು ತಳ್ಳುವುದರಲ್ಲೇ ಮುಗಿಯುತ್ತಿತ್ತು, ಫೈರಿಂಗ್ ಪಿನ್ ಪ್ರೈಮರನ್ನು ಜೋರಾಗಿ ಹೊಡೆಯುವುದಾದರೂ ಹೇಗೆ? ಮಿನರಲ್ ಸ್ಪಿರಿಟ್ಸ್‌ನಲ್ಲಿ ನೆನೆಸಿ ತೊಳೆದೆ. ಎಣ್ಣೆ ತೆಳ್ಳಗೆ ಸವರಿದೆ.

ರೈಫಲ್ ಜೊತೆ ಬಂದ ಚಪ್ಪಟೆ ಸ್ಕ್ರೂಡ್ರೈವರಿನ ಅಂಚಿನಲ್ಲಿರುವ 75, 95 ಎಂಬ ಕಚ್ಚುಗಳ ಗುಟ್ಟನ್ನೂ ನೀವೇ ಹೇಳಿದಿರಿ. ಪಿನ್ ಎಷ್ಟು ಚಾಚಿದೆ ಎಂದು ನೋಡುವ ಕಚ್ಚುಗಳವು: ಬೋಲ್ಟಿನಿಂದ ಹೊರಬಂದ ಪಿನ್ನಿನ ತುದಿ 75ರ ಕಚ್ಚಿಗೆ ತಾಗಬೇಕು, 95ಕ್ಕೆ ತಾಗಬಾರದು. ಜಾಸ್ತಿ ಚಾಚಿದರೆ ಪ್ರೈಮರ್ ತೂತಾಗಿ ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ನನ್ನದು ಸರಿಯಾಗಿಯೇ ಇತ್ತು.

ಹೋದ ವಾರ ನಲವತ್ತು ತೋಟಾ ಹಾರಿಸಿದೆ. ಒಂದೂ ಕೈಕೊಡಲಿಲ್ಲ. ಮತ್ತೆ ಸಿಕ್ಕರೆ ಮೊದಲ ಐದು ನೀವೇ ಹಾರಿಸಬೇಕು, ಸರ್.