ಶ್ರೀರಂಗಪಟ್ಟಣಕ್ಕೆ ಕಾಲ್ನಡಿಗೆ ಪ್ರವಾಸ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಎಂಟನೇ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. "ನಮ್ಮ ಹುಡುಗಿ ನೋಡಿದ್ದಾಳಲ್ಲ ಮೇಡಂ, ಮತ್ತೆ ಯಾಕೆ?" ಅಂತ ಕೆಲವರು ಆಗಲೇ ಕೇಳಿದ್ದೀರಿ. ನಿಜ, ನೋಡದವರು ಕಡಿಮೆ. ಆದರೆ ಕಾರಿನಿಂದ ಇಳಿದು ರಂಗನಾಥನ ದರ್ಶನ, ಮತ್ತೆ ಕಾರು, ನಿಮಿಷಾಂಬ, ಮತ್ತೆ ಕಾರು, ಸಂಗಮದಲ್ಲಿ ಬುತ್ತಿ ಊಟ. ಅಷ್ಟರಲ್ಲಿ ಊರು ಎಲ್ಲಿ ಕಂಡಿತು? ಈ ಸಲ ನಡೆದೇ ನೋಡುತ್ತೇವೆ. ಎಲ್ಲ ಸೇರಿ ಐದಾರು ಕಿಲೋಮೀಟರ್ ಆಗಬಹುದು.

ಹೋಗುವಾಗ ರೈಲು. ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗಿದೆ. ಟಿಪ್ಪು ಕಾಲದ ಒಂದು ಶಸ್ತ್ರಾಗಾರ ಜೋಡಿ ಹಳಿಗೆ ಅಡ್ಡ ಬರುತ್ತಿತ್ತು. 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿ ಕೂರಿಸಿದರು. ಮಕ್ಕಳಿಗೆ ಇದು ಯುದ್ಧದ ಕಥೆಗಿಂತ ಹೆಚ್ಚು ಹಿಡಿಸುತ್ತದೆ ಅಂತ ನನ್ನ ಅಂದಾಜು.

ಆಮೇಲೆ ಕೋಟೆಗೋಡೆಯ ಪಕ್ಕ ನಿಂತು ಕಾವೇರಿಯನ್ನು ನೋಡುವುದು. ಇಲ್ಲಿ ಆತುರ ಮಾಡುವುದಿಲ್ಲ. ಹೊಳೆ ಎರಡು ಕವಲಾಗಿ ಊರನ್ನು ಸುತ್ತುವರಿದಿದೆ. ರಾಜಧಾನಿಗೆ ಈ ಜಾಗ ಯಾಕೆ ಬೇಕಿತ್ತು ಅನ್ನುವುದಕ್ಕೆ ಬೇರೆ ಪಾಠವೇ ಬೇಡ. 1610ರಲ್ಲಿ ರಾಜ ಒಡೆಯರು ಈ ಊರನ್ನು ಪಡೆದು ಮೈಸೂರಿನಿಂದ ಇಲ್ಲಿಗೆ ಬಂದರು. ಒಡೆಯರ ದಸರಾ ಶುರುವಾಗಿದ್ದೂ ಇಲ್ಲೇ. ಕಾಯುತ್ತಿದ್ದ ಅದೇ ಹೊಳೆ ಬೇಸಿಗೆಯಲ್ಲಿ ಬಂಡೆ ಕಾಣುವಷ್ಟು ಇಳಿಯುತ್ತದೆ. ಮುಂಗಾರು ಬಂದು ನೀರು ಏರುವ ಮೊದಲೇ ಕೆಲಸ ಮುಗಿಸಬೇಕೆಂದು ಬ್ರಿಟಿಷರು ಗೋಡೆ ಒಡೆದು, 1799ರ ಮೇ 4ರ ಮಧ್ಯಾಹ್ನ ಹೊಳೆ ದಾಟಿದರು. ಅದೇ ದಿನ ಟಿಪ್ಪು ಸತ್ತ. ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು, ರಾಜಧಾನಿ ಮತ್ತೆ ಮೈಸೂರಿಗೆ ಹೋಯಿತು. ದೇವಸ್ಥಾನದ ಹತ್ತಿರ ಟಿಪ್ಪುವಿನ ಅರಮನೆ ಲಾಲ್ ಮಹಲ್ ಇತ್ತು. ಈಗ ಅಡಿಪಾಯ ಬಿಟ್ಟು ಏನೂ ಉಳಿದಿಲ್ಲ. ಪ್ರವಾಸಿಗರು ತಿರುಗಿಯೂ ನೋಡುವುದಿಲ್ಲ. ನಾವು ಅಲ್ಲೇ ಸ್ವಲ್ಪ ಹೊತ್ತು ಕೂರುತ್ತೇವೆ.

ಬೆಳಿಗ್ಗೆ, ಟಿಪ್ಪು ಕಡೆಯವರಿಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆಗೆ ಇಳಿಯುವ ಮಕ್ಕಳು, ಮಧ್ಯಾಹ್ನ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಮೇಲೆ ಅದೇ ಬೇಲಿಯನ್ನು ನೋಡುತ್ತಾರೆ. ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅದು. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಚಿತ್ರ ಬರೆಸಿದ್ದು ಗೆದ್ದವರು. ಸೋತವರು ಬರೆಸಿದ್ದರೆ ಹೇಗಿರುತ್ತಿತ್ತು ಅಂತ ಸಮಾಜ ಮೇಷ್ಟ್ರು ಒಂದು ಪುಟ ಬರೆಸಲಿದ್ದಾರೆ. ಜಾಮಿಯಾ ಮಸೀದಿ ದಾರಿಯಲ್ಲೇ ಸಿಗುತ್ತದೆ. ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಕೊನೆಗೆ. ಅಲ್ಲಿಂದ ವಾಪಸ್ ಬಸ್ಸು.

ಟಿಪ್ಪು ಬಗ್ಗೆ ಮನೆಗೊಂದು ಅಭಿಪ್ರಾಯ ಇದೆ, ಗೊತ್ತು. ನಾವು ಯಾರನ್ನೂ ಹೊಗಳಲೋ ತೆಗಳಲೋ ಹೋಗುತ್ತಿಲ್ಲ. ಮಕ್ಕಳು ಮನೆಗೆ ಬಂದು ತರಲೆ ಪ್ರಶ್ನೆ ಕೇಳಿದರೆ ದಯವಿಟ್ಟು ಗದರಬೇಡಿ.

ಇನ್ನು ಕೆಲಸದ ಮಾತು. ಹೊಸ ಶೂ ಬೇಡ, ಸಂಜೆಗೆ ಬೊಬ್ಬೆ ಏಳುತ್ತದೆ. ದೇವಸ್ಥಾನ, ಮಸೀದಿ, ಗುಂಬಜ್ ಎಲ್ಲ ಕಡೆ ಬಿಚ್ಚಬೇಕು, ಹಾಗಾಗಿ ಪಟ್ಟಿ ಇರುವ ಹಳೇ ಚಪ್ಪಲಿ ಒಳ್ಳೆಯದು. ಟೋಪಿ, ದೊಡ್ಡ ಬಾಟಲಿ ನೀರು, ಚೆಲ್ಲದಂಥ ಊಟ ಕಳಿಸಿ. ಚಿತ್ರಾನ್ನ ಸಾಕು, ಸಾಂಬಾರ್ ಬೇಡ. ಮೊಬೈಲ್ ಬೇಡವೇ ಬೇಡ. ಫೋಟೋ ಶಿಕ್ಷಕರು ತೆಗೆಯುತ್ತಾರೆ. ಪೂಜೆಗೆ, ಹಣ್ಣುಕಾಯಿಗೆ ಅಂತ ದುಡ್ಡು ಕೊಟ್ಟು ಕಳಿಸಬೇಡಿ. ಅಷ್ಟು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ, ಅಲ್ವಾ?

ನೀರಿನ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಯಾರೂ ಹೊಳೆಗೆ ಕಾಲಿಡುವಂತಿಲ್ಲ, ಈಜು ಬರುವವರೂ ಸೇರಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ, ಬಂಡೆ ಜಾರುತ್ತದೆ. ಅದಕ್ಕೇ ಸಂಗಮವನ್ನು ಬಿಟ್ಟಿದ್ದೇವೆ. ಇದನ್ನು ಮನೆಯಲ್ಲೂ ಒಂದು ಸಲ ಹೇಳಿ.

ಉಬ್ಬಸ, ಮಂಡಿನೋವು, ಬಿಸಿಲಿಗೆ ತಲೆಸುತ್ತು ಇರುವ ಮಕ್ಕಳಿದ್ದರೆ ಮೊದಲೇ ತಿಳಿಸಿ. ಅವರಿಗಾಗಿ ಜೊತೆಯಲ್ಲಿ ಒಂದು ಆಟೋ ಇರುತ್ತದೆ. ನಮ್ಮ ಜೊತೆ ನಡೆಯಲು ಬಿಡುವಿರುವ ತಂದೆ ತಾಯಿ ನಾಲ್ಕು ಜನ ಬಂದರೆ ದೊಡ್ಡ ಉಪಕಾರ. ಅಜ್ಜ ಅಜ್ಜಿಯರಾದರೂ ಸರಿ, ನಡಿಗೆ ತಡೆದುಕೊಳ್ಳುವಂತಿದ್ದರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬುಧವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ