ಜರ್ಮನಿಗೆ ಹೊರಟ ಗೆಳೆಯನಿಗೆ, ಅಲ್ಲಿಯ ಕಾಗದಪತ್ರಗಳ ಕುರಿತು

ಪ್ರಿಯ ಗೆಳೆಯಾ,

ವೀಸಾ ಕೈಗೆ ಬಂದಿದೆ, ಇನ್ನೇನು ಹೊರಡುವುದೊಂದೇ ಬಾಕಿ ಎಂದು ನೀನು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಚಳಿಯ ಬಗ್ಗೆ, ಊಟದ ಬಗ್ಗೆ, ಭಾಷೆಯ ಬಗ್ಗೆ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇಲ್ಲಿಯ ಕಾಗದಪತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇಲ್ಲಿಗೆ ಬಂದ ಎಷ್ಟೋ ಮಂದಿಯ ಮೊದಲ ವರ್ಷದ ನಿದ್ದೆ ಕೆಡಿಸುವುದು ಇವೇ, ಮತ್ತು ಆ ತಳಮಳದ ಬಹುಪಾಲು ಕಾನೂನು ಏನು ಹೇಳುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ತಪ್ಪುವಂಥದ್ದು.

ನಿನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವುದು ರಾಷ್ಟ್ರೀಯ ವೀಸಾ, ಅಂದರೆ ಡಿ ವರ್ಗದ ವೀಸಾ. ಅದರ ಮೇಲೆ ಬಂದು ಕೆಲಸ ಆರಂಭಿಸಬಹುದಾದರೂ ಅದರ ಅವಧಿ ಕೆಲವೇ ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಆಮೇಲೆ ಇರುವುದಕ್ಕೆ ಬೇಕಾದ ಬ್ಲೂ ಕಾರ್ಡನ್ನು, ಅಂದರೆ ಹೆಚ್ಚಿನ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ನಿವಾಸ ಪರವಾನಗಿಯನ್ನು, ನೀನು ವಾಸಿಸುವ ಊರಿನ ವಿದೇಶಿಯರ ಕಚೇರಿ, ಇಲ್ಲಿಯವರು ಔಸ್‌ಲೆಂಡರ್‌ಬೆಹೋರ್ಡೆ ಎನ್ನುವ ಕಚೇರಿ, ಕೊಡಬೇಕು. ಕಾನೂನು ಇಡೀ ದೇಶಕ್ಕೆ ಒಂದೇ ಆದರೂ ಅದನ್ನು ನಡೆಸುವವರು ರಾಜ್ಯಗಳು ಮತ್ತು ಊರಾಡಳಿತಗಳು. ಆದ್ದರಿಂದ ಅಪಾಯಿಂಟ್‌ಮೆಂಟ್ ಪಡೆಯುವ ಬಗೆ, ಅರ್ಜಿಯ ನಮೂನೆ, ಕಾಯಬೇಕಾದ ಕಾಲ ಎಲ್ಲವೂ ಊರಿಂದ ಊರಿಗೆ ಬೇರೆ. ಬರ್ಲಿನ್‌ನಲ್ಲಿರುವವನ ಅನುಭವವನ್ನು ನಂಬಿ ಮ್ಯೂನಿಕ್‌ನಲ್ಲಿ ಕಾಯುತ್ತ ಕುಳಿತವರನ್ನು ನಾನು ಕಂಡಿದ್ದೇನೆ. ಕಾನೂನಿನ ವಿಷಯವನ್ನು ಯಾರಿಂದ ಬೇಕಾದರೂ ತಿಳಿದುಕೊ, ಆದರೆ ಕಚೇರಿಯ ವಿಷಯವನ್ನು ಆ ಊರಿನ ಕಚೇರಿಯ ಜಾಲತಾಣದಿಂದಲೇ ತಿಳಿದುಕೊ.

ಎಲ್ಲದಕ್ಕೂ ಬುಡ ವಿಳಾಸ. ಮನೆಗೆ ಬಂದ ಎರಡು ವಾರಗಳೊಳಗೆ ಊರಿನ ನಾಗರಿಕ ಸೇವಾ ಕಚೇರಿಯಲ್ಲಿ ನಿನ್ನ ವಾಸವನ್ನು ನೋಂದಾಯಿಸಬೇಕು. ಇದೇ ಎಲ್ಲರ ಬಾಯಲ್ಲಿರುವ ಆನ್‌ಮೆಲ್ಡುಂಗ್. ಇದಕ್ಕೆ ಬಾಡಿಗೆ ಕರಾರುಪತ್ರ ಸಾಲದು. ‘ಇಂಥವರು ಇಂಥ ದಿನದಿಂದ ಈ ಮನೆಯಲ್ಲಿ ವಾಸವಾಗಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಹಾಕಿದ ಪ್ರತ್ಯೇಕ ದೃಢೀಕರಣ ಬೇಕು. 2015ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೋಂದಣಿ ಕಾನೂನು ಇದನ್ನು ಕಡ್ಡಾಯ ಮಾಡಿದೆ, ಕೊಡುವ ಹೊಣೆಯನ್ನೂ ಮನೆ ಕೊಟ್ಟವರ ಮೇಲೆಯೇ ಹೊರಿಸಿದೆ. ಹಾಗಿದ್ದರೂ ಮೊದಲ ಕೆಲವು ತಿಂಗಳಿಗೆಂದು ಕೋಣೆ ಕೊಡುವ ಕೆಲವರು ‘ಇಲ್ಲಿ ನೋಂದಣಿ ಮಾಡಿಸುವಂತಿಲ್ಲ’ ಎಂದು ನಯವಾಗಿ ಹೇಳಿಬಿಡುತ್ತಾರೆ. ಮುಂಗಡ ಹಣ ಕೊಡುವ ಮೊದಲೇ ಆನ್‌ಮೆಲ್ಡುಂಗ್ ಆಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊ. ಆಗದಿದ್ದರೆ ಆ ಕೋಣೆ ಎಷ್ಟೇ ಚೆನ್ನಾಗಿದ್ದರೂ ಬಿಡು. ದುಡ್ಡು ಪಡೆದು ಸುಳ್ಳು ವಿಳಾಸ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ವಾಸವಿಲ್ಲದವನಿಗೆ ಹಾಗೆ ವಿಳಾಸ ಒದಗಿಸುವುದಕ್ಕೆ 50,000 ಯೂರೋವರೆಗೆ ದಂಡವಿದೆ. ನಿವಾಸ ಪರವಾನಗಿಯನ್ನು ಎದುರು ನೋಡುತ್ತಿರುವ ನಿನ್ನಂಥವನು ಅಂಥವರ ನೆರಳಿಗೂ ಹೋಗಬಾರದು.

ನೋಂದಣಿಯಾದ ಕೆಲವು ವಾರಗಳಲ್ಲಿ ಬಾನ್ ನಗರದಲ್ಲಿರುವ ಕೇಂದ್ರ ತೆರಿಗೆ ಕಚೇರಿಯಿಂದ ಹನ್ನೊಂದು ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಸಾರ್ವಜನಿಕ ಬಾನುಲಿ ಮತ್ತು ಟಿವಿ ವಾಹಿನಿಗಳಿಗೆಂದು ಎಲ್ಲ ಮನೆಗಳಿಂದ ಪಡೆಯುವ ಶುಲ್ಕದ ಪತ್ರವೂ ತಾನಾಗಿ ಬರುತ್ತದೆ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಇಲ್ಲದಿರಲಿ. ಇದನ್ನು ಮೋಸದ ಪತ್ರವೆಂದು ತಿಳಿದು ಎಸೆದವರಿದ್ದಾರೆ, ನೀನು ಎಸೆಯಬೇಡ.

ಅಂಚೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯಿಂದ ಬಂದವರಿಗೆ ಇದರ ತೂಕ ಮೊದಲು ಗೊತ್ತಾಗುವುದಿಲ್ಲ. ಇಲ್ಲಿಯ ಬಹುತೇಕ ಕಟ್ಟಡಗಳಲ್ಲಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ. ಕೆಳಗೆ ಬಾಗಿಲ ಬಳಿ ಸಾಲಾಗಿ ಅಂಚೆ ಪೆಟ್ಟಿಗೆಗಳಿರುತ್ತವೆ, ಪ್ರತಿಯೊಂದರ ಮೇಲೂ ಬೆರಳಗಲದ ಚೀಟಿಯಲ್ಲಿ ಮನೆಯವರ ಹೆಸರಿರುತ್ತದೆ, ಅಂಚೆಯವರು ಲಕೋಟೆಯ ಮೇಲಿನ ಹೆಸರನ್ನೂ ಆ ಚೀಟಿಯನ್ನೂ ಹೋಲಿಸಿ ನೋಡಿ ಹಾಕುತ್ತಾರೆ. ಹೆಸರು ಕಾಣದಿದ್ದರೆ ವಿಳಾಸ ಎಷ್ಟೇ ಸರಿಯಿದ್ದರೂ ಪತ್ರ ಕಳಿಸಿದವರಿಗೆ ಹಿಂತಿರುಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಕಾರ್ಡು, ಆರೋಗ್ಯ ವಿಮೆಯ ಕಾರ್ಡು, ವಿದೇಶಿಯರ ಕಚೇರಿಯ ಪತ್ರ ಎಲ್ಲವೂ ಆ ಚೀಟಿಯನ್ನೇ ನಂಬಿವೆ. ಬೇರೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದರೂ ಅವರ ಹೆಸರಿನ ಕೆಳಗೆ ನಿನ್ನ ಹೆಸರನ್ನು ಮೊದಲ ದಿನವೇ ಅಂಟಿಸು, ಅದೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ. ಹಾಗೆಯೇ ಒಂದು ದಿನ ಕಚೇರಿಯಿಂದಲೋ ನ್ಯಾಯಾಲಯದಿಂದಲೋ ಹಳದಿ ಲಕೋಟೆ ಬಂದರೆ ಅದನ್ನು ಒಡೆದ ಮೇಲೆ ಬಿಸಾಡಬೇಡ. ಅದು ತಲುಪಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆಯೇ ಬರೆದಿರುತ್ತಾರೆ, ಒಳಗಿನ ನಿರ್ಣಯವನ್ನು ಪ್ರಶ್ನಿಸಲು ನಿನಗಿರುವ ಗಡುವು ಆ ದಿನದಿಂದಲೇ ಲೆಕ್ಕ.

ಹೆಸರಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದೇ ಇಲ್ಲ. ತಂದೆಯ ಹೆಸರಿನದೋ ಊರಿನದೋ ಒಂದಕ್ಷರ ಇನಿಶಿಯಲ್ ಆಗಿ ಇರುತ್ತದೆ, ಪಾಸ್‌ಪೋರ್ಟಿಗಾಗಿ ಅದನ್ನು ಬಿಡಿಸಿ ಬರೆಸಿರುತ್ತೇವೆ, ಪದವಿ ಪ್ರಮಾಣಪತ್ರದಲ್ಲಿ ಮಾತ್ರ ಆ ಒಂದಕ್ಷರವೇ ಉಳಿದಿರುತ್ತದೆ. ಇಲ್ಲಿಯ ಪ್ರತಿಯೊಂದು ನಮೂನೆಯೂ ಕುಟುಂಬದ ಹೆಸರು ಕೇಳುತ್ತದೆ, ಮತ್ತು ಎರಡು ಕಾಗದಗಳಲ್ಲಿ ಹೆಸರು ಎರಡು ಬಗೆಯಾಗಿದ್ದರೆ ಅವು ಇಬ್ಬರದೆಂದೇ ಕಾಣುತ್ತವೆ. ಕಚೇರಿಯಲ್ಲಿ ಇದನ್ನು ಕೇಳಿದಾಗ ಅನುಮಾನಿಸುತ್ತಿದ್ದಾರೆಂದು ನೊಂದುಕೊಳ್ಳಬೇಡ. ಎರಡೂ ಹೆಸರು ಒಬ್ಬನವೇ ಎಂಬ ಪ್ರಮಾಣಪತ್ರವೊಂದನ್ನು ಊರಲ್ಲಿರುವಾಗಲೇ ನೋಟರಿಯ ಬಳಿ ಮಾಡಿಸಿಕೊಂಡು ಬಾ. ಇಲ್ಲಿ ಯಾವ ನಮೂನೆ ತುಂಬಿದರೂ ಪಾಸ್‌ಪೋರ್ಟಿನಲ್ಲಿ ಯಾವ ಹೆಸರು ಯಾವ ಸಾಲಿನಲ್ಲಿದೆಯೋ ಅದನ್ನು ಅಲ್ಲಿಯೇ ಬರೆ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ದೊಡ್ಡ ಊರುಗಳಲ್ಲಿ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. 2020ರ ಮಾರ್ಚ್‌ನಲ್ಲಿ ಕುಶಲ ಕೆಲಸಗಾರರ ವಲಸೆ ಕಾನೂನು ಬಂತು, 2023ರ ನವೆಂಬರ್‌ನಿಂದ ಅದರ ನಿಯಮಗಳು ಹಂತ ಹಂತವಾಗಿ ಬದಲಾದವು, 2024ರ ಜೂನ್‌ನಲ್ಲಿ ಪೌರತ್ವದ ಕಾನೂನೂ ಬದಲಾಯಿತು. ಅರ್ಜಿಗಳು ಹೆಚ್ಚುತ್ತ ಹೋದವು, ಅವನ್ನು ನೋಡುವ ಕೈಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಹೀಗಾಗಿ ವೀಸಾದ ಕೊನೆಯ ದಿನ ಹತ್ತಿರ ಬರುತ್ತಿದ್ದರೂ ಕಚೇರಿಯಿಂದ ಸುದ್ದಿಯೇ ಇಲ್ಲದಿರುವುದು ಇಲ್ಲಿ ಸಾಮಾನ್ಯ. ಆ ದಿನಗಳಲ್ಲಿ ಮನಸ್ಸು ಏನೇನನ್ನೋ ಊಹಿಸುತ್ತದೆ. ‘ನಾಳೆಯಿಂದ ನಾನು ಅಕ್ರಮವಾಸಿಯೇ? ಕೆಲಸಕ್ಕೆ ಹೋಗಬಹುದೇ?’ ಎಂದು ರಾತ್ರಿಯೆಲ್ಲ ಯೋಚಿಸಿದವರು ನನ್ನ ಬಳಿ ಬಂದು ಕೇಳಿದ್ದಾರೆ, ಅವರಲ್ಲಿ ಕೆಲವರು ಕೇಳುವಾಗ ಕಣ್ಣೀರು ಹಾಕಿದ್ದಾರೆ.

ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನಿವಾಸ ಕಾನೂನಿನ 81ನೇ ಕಲಮಿನ ನಾಲ್ಕನೇ ಉಪಕಲಮನ್ನು ನೆನಪಿಟ್ಟುಕೊ. ನಿನ್ನ ಕೈಲಿರುವ ಡಿ ವೀಸಾದ ಅವಧಿ ಮುಗಿಯುವ ಮೊದಲೇ ನೀನು ಅರ್ಜಿ ಹಾಕಿದ್ದರೆ, ಕಚೇರಿ ನಿರ್ಣಯ ಕೊಡುವ ದಿನದವರೆಗೆ ಆ ವೀಸಾ ಮುಂದುವರಿದಿದೆ ಎಂದೇ ಕಾನೂನು ಭಾವಿಸುತ್ತದೆ, ಕೆಲಸ ಮಾಡುವ ಅನುಮತಿಯೂ ಅದರೊಂದಿಗೇ ಮುಂದುವರಿಯುತ್ತದೆ. ತಡ ಕಚೇರಿಯದಾದರೆ ಅದರ ಭಾರ ನಿನ್ನ ಮೇಲೆ ಬೀಳಬಾರದೆಂದು ಶಾಸನ ಮಾಡಿದವರೇ ಯೋಚಿಸಿ ಬರೆದಿದ್ದಾರೆ. ನನಗೆ ಈ ದೇಶದ ಮೇಲೆ ಗೌರವ ಮೂಡಿಸಿದ ಸಂಗತಿಗಳಲ್ಲಿ ಇದೂ ಒಂದು. ಆದರೆ ಈ ರಕ್ಷಣೆ ನಿಂತಿರುವುದು ‘ಮುಗಿಯುವ ಮೊದಲು’ ಎಂಬ ಮಾತಿನ ಮೇಲೆ. ಅಪಾಯಿಂಟ್‌ಮೆಂಟ್ ಸಿಗಲಿ ಎಂದು ಕಾಯುತ್ತ ಅರ್ಜಿಯನ್ನೇ ತಡಮಾಡಬೇಡ. ಕಚೇರಿಯ ಜಾಲತಾಣದಲ್ಲಿ ಅರ್ಜಿ ಹಾಕುವ ವ್ಯವಸ್ಥೆಯಿದ್ದರೆ ಅದರಲ್ಲಿ, ಇಲ್ಲದಿದ್ದರೆ ಅವರು ಹೇಳಿದ ಬೇರೆ ಮಾರ್ಗದಲ್ಲಿ, ವೀಸಾ ಮುಗಿಯಲು ಎರಡು ಮೂರು ತಿಂಗಳು ಇರುವಾಗಲೇ ಅರ್ಜಿ ಸಲ್ಲಿಸು. ಸಲ್ಲಿಸಿದ ಕೂಡಲೇ ಬರುವ ಸ್ವೀಕೃತಿಯನ್ನು ದಿನಾಂಕ ಕಾಣುವಂತೆ ಉಳಿಸಿಟ್ಟು, ಒಂದು ಪ್ರತಿಯನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆ ಇಡು. ಒಂದೆರಡು ದಾಖಲೆ ಕಡಿಮೆಯಿದ್ದರೆ ಅವನ್ನು ಆಮೇಲೆ ಕಳುಹಿಸುತ್ತೇನೆಂದು ಬರೆದು ಅರ್ಜಿಯನ್ನು ಮೊದಲು ಸೇರಿಸು.

ಹೀಗೆ ಕಾಯುತ್ತಿರುವವರಿಗೆ ಕೊಡುವ ಕಾಗದಕ್ಕೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎನ್ನುತ್ತಾರೆ. ಅದನ್ನು ಕೈಗೆ ಕೊಟ್ಟಾಗ ಸಂತೋಷದಿಂದ ಮಡಚಿ ಜೇಬಿಗಿಡುವ ಮೊದಲು, ಒಳಗಿರುವ ಚಿಕ್ಕ ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಿದ್ದಾರೆಂದು ಕಿಟಕಿಯ ಮುಂದೆ ನಿಂತಿರುವಾಗಲೇ ನೋಡು. ನಾಲ್ಕನೇ ಉಪಕಲಮಿನ ಚೌಕಕ್ಕೆ ಗುರುತಿದ್ದರೆ ನಿನ್ನ ಹಳೆಯ ಪರವಾನಗಿ ಮುಂದುವರಿದಿದೆ, ಆ ಕಾಗದ ಮತ್ತು ಪಾಸ್‌ಪೋರ್ಟು ಹಿಡಿದು ದೇಶದಿಂದ ಹೊರಗೆ ಹೋಗಿ ಮರಳಿ ಬರಬಹುದು. ಮೂರನೇ ಉಪಕಲಮಿನದಾದರೆ ಇಲ್ಲಿ ಇರಬಹುದು ಅಷ್ಟೇ, ಹೊರಗೆ ಹೋದರೆ ಅದರ ಬಲದ ಮೇಲೆ ಮರಳಲಾಗದು. ನನ್ನ ಪರಿಚಯದ ಒಬ್ಬಾಕೆ ತಂದೆಗೆ ಆರೋಗ್ಯ ಕೆಟ್ಟಾಗ ಈ ಕಾಗದದ ಮೇಲೆ ಊರಿಗೆ ಹೋಗಿ ಬಂದರು. ಮರಳುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗ ಅಂಥ ಕಾಗದವನ್ನು ಹಿಂದೆ ನೋಡಿರಲಿಲ್ಲ. ಅದನ್ನು ಹಿಂದುಮುಂದು ತಿರುಗಿಸಿ, ಮೇಲಿನವರಿಗೆ ಫೋನ್ ಮಾಡಿ, ಈಕೆ ಗುರುತು ಹಾಕಿದ ಚೌಕದ ಮೇಲೆ ಬೆರಳಿಟ್ಟು ತೋರಿಸಿ ವಿವರಿಸಿದ ಮೇಲೆ, ಕೊನೆಗೆ ಹತ್ತಿಸಿಕೊಂಡ. ಅಂದು ಆಕೆಯನ್ನು ಕಾಪಾಡಿದ್ದು ತನ್ನ ಕೈಯಲ್ಲಿರುವ ಕಾಗದದಲ್ಲಿ ಏನಿದೆ ಎಂಬ ತಿಳಿವಳಿಕೆ. ನೀನು ಪ್ರಯಾಣ ಮಾಡಲೇಬೇಕಾಗಿ ಬಂದರೆ ನಿಲ್ದಾಣಕ್ಕೆ ಬೇಗ ಹೋಗು, ಷೆಂಗೆನ್ ಗುಂಪಿನ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ದೇಶಗಳ ಗುಂಪಿನ, ಬೇರೆ ದೇಶದ ಮೂಲಕ ಬರುವುದಕ್ಕಿಂತ ನೇರ ಜರ್ಮನಿಗೆ ಬರುವ ವಿಮಾನ ಹಿಡಿ.

ಅಪಾಯಿಂಟ್‌ಮೆಂಟಿನ ದಿನ ಹೇಳಿಕೊಳ್ಳುವಂಥ ಗಾಬರಿಯೇನೂ ಇರುವುದಿಲ್ಲ. ಉದ್ಯೋಗದ ಕರಾರು, ಇತ್ತೀಚಿನ ಸಂಬಳ ಚೀಟಿಗಳು, ಆರೋಗ್ಯ ವಿಮೆಯ ಪತ್ರ, ಬಾಡಿಗೆ ಕರಾರು, ನೋಂದಣಿ ಪತ್ರ, ಪದವಿ ಪತ್ರಗಳ ಮೂಲಪ್ರತಿ ಇವಿಷ್ಟನ್ನು ಇಟ್ಟುಕೊಂಡು ಹೋಗು. ಬೆರಳಚ್ಚು ತೆಗೆದುಕೊಳ್ಳುತ್ತಾರೆ, 100 ಯೂರೋ ಶುಲ್ಕ. 2025ರ ಮೇ ತಿಂಗಳಿಂದ ಕಾಗದದ ಫೋಟೋ ಬದಲು ಡಿಜಿಟಲ್ ಫೋಟೋ ನಿಯಮವಾಗಿದೆ. ಕಾರ್ಡು ಬರ್ಲಿನ್‌ನ ಸರ್ಕಾರಿ ಮುದ್ರಣಾಲಯದಿಂದ ಬರಬೇಕಾದ್ದರಿಂದ ಇನ್ನೂ ಕೆಲವು ವಾರ ಹಿಡಿಯುತ್ತದೆ. ಆ ಕಾರ್ಡಿನ ಅವಧಿ ಸಾಮಾನ್ಯವಾಗಿ ಪಾಸ್‌ಪೋರ್ಟಿನ ಅವಧಿಯನ್ನು ದಾಟುವುದಿಲ್ಲ; ನಿನ್ನ ಪಾಸ್‌ಪೋರ್ಟಿಗೆ ಹೆಚ್ಚು ಕಾಲ ಉಳಿದಿಲ್ಲವಾದರೆ ಇಲ್ಲಿಯ ನಮ್ಮ ದೂತಾವಾಸದಲ್ಲಿ ಮೊದಲು ಅದನ್ನು ನವೀಕರಿಸು, ವೀಸಾ ಇರುವ ಹಳೆಯ ಪುಸ್ತಕವನ್ನೂ ಜೋಪಾನವಾಗಿಡು.

ಬ್ಲೂ ಕಾರ್ಡ್ ಸಿಕ್ಕ ಮೊದಲ 12 ತಿಂಗಳೊಳಗೆ ಕೆಲಸ ಬದಲಿಸಿದರೆ ಕಚೇರಿಗೆ ತಿಳಿಸಬೇಕು. ಆರಂಭದಿಂದಲೇ ಪ್ರತಿ ತಿಂಗಳ ಸಂಬಳ ಚೀಟಿಯನ್ನೂ ಪಿಂಚಣಿ ವಂತಿಗೆಯ ವರ್ಷದ ಪತ್ರವನ್ನೂ ಒಂದೇ ಕಡತದಲ್ಲಿ ಸೇರಿಸುತ್ತ ಬಾ, ಏಕೆಂದರೆ ಖಾಯಂ ನಿವಾಸಕ್ಕೆ ಅರ್ಜಿ ಹಾಕುವಾಗ ಅವೇ ಆಧಾರ. ಬ್ಲೂ ಕಾರ್ಡಿನವರಿಗೆ ಅದು 27 ತಿಂಗಳಿಗೆ ಸಿಗುತ್ತದೆ. ಜರ್ಮನ್ ಭಾಷೆಯಲ್ಲಿ ಬಿ1, ಅಂದರೆ ದಿನಬಳಕೆಯ ಮಾತುಕತೆ ನಡೆಸಬಲ್ಲ, ಮಟ್ಟ ತಲುಪಿದ್ದರೆ 21 ತಿಂಗಳಿಗೇ. ಸಂಜೆಯ ತರಗತಿಗೆ ಈಗಲೇ ಸೇರು ಎಂದು ನಾನು ಒತ್ತಾಯ ಮಾಡುವುದು ಇದಕ್ಕಾಗಿಯೇ.

ನಿನ್ನ ಹೆಂಡತಿ ಆಮೇಲೆ ಬರುವ ವಿಷಯ ಕೇಳಿದ್ದೀಯಲ್ಲ, ಅದರಲ್ಲಿ ಒಳ್ಳೆಯ ಸುದ್ದಿಯಿದೆ. ಬ್ಲೂ ಕಾರ್ಡಿನವರ ಪತಿ ಅಥವಾ ಪತ್ನಿ ಬರುವ ಮೊದಲು ಜರ್ಮನ್ ಪರೀಕ್ಷೆ ಪಾಸಾಗಬೇಕಿಲ್ಲ, ಬಂದ ಮೇಲೆ ಕೆಲಸ ಮಾಡಲೂ ಅಡ್ಡಿಯಿಲ್ಲ. ಮದುವೆಯ ಪ್ರಮಾಣಪತ್ರದ ಬಗ್ಗೆ ಮಾತ್ರ ಎಚ್ಚರ ಬೇಕು. ಅಪೋಸ್ಟಿಲ್, ಅಂದರೆ ಬೇರೆ ದೇಶಗಳಲ್ಲಿ ಬಳಸಲೆಂದು ಕಾಗದಕ್ಕೆ ಹಾಕುವ ದೃಢೀಕರಣ ಮುದ್ರೆ, ಮಾಡಿಸಿದರೆ ಎಲ್ಲೆಡೆ ನಡೆಯುತ್ತದೆ ಎನ್ನುವ ಮಧ್ಯವರ್ತಿಗಳು ಊರಲ್ಲಿ ಬಹಳ. ಈ ಮುದ್ರೆಯ ಕುರಿತ 1961ರ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದ್ದು ನಿಜ, ಆದರೆ ಆಗ ಜರ್ಮನಿ ಆಕ್ಷೇಪ ದಾಖಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಆ ಮುದ್ರೆ ತಾನಾಗಿ ಮಾನ್ಯವಾಗುವುದಿಲ್ಲ. ಯಾವ ಕಾಗದಕ್ಕೆ ಯಾವ ಬಗೆಯ ದೃಢೀಕರಣ ಬೇಕೆಂದು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪಟ್ಟಿಯಲ್ಲಿ ನೋಡಿಕೊಂಡೇ ಹಣ ಖರ್ಚು ಮಾಡು.

ನೀನು ನೋಡಿಟ್ಟಿರುವ ಕೋಣೆಯ ಕರಾರುಪತ್ರದ ಪ್ರತಿಯನ್ನು ಸಹಿ ಮಾಡುವ ಮೊದಲು ನನಗೆ ಕಳುಹಿಸು. ನೋಂದಣಿಯ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆಂದು ಓದಿ ನೋಡಿ, ಮನೆಯವರಿಗೆ ಏನು ಕೇಳಬೇಕೋ ಅದನ್ನು ಜರ್ಮನ್‌ನಲ್ಲಿ ಬರೆದುಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಗೆಳೆಯ